‘ಫೇರ್’ ಎಂಬ ಪದದ ಅರ್ಥವಿಚಾರ

ಈ ಸ್ಮರಣ ಸಂಚಿಕೆಗೆ ಇಂಗ್ಲಿಷು ಭಾಷೆಯ ವಿಷಯವಾಗಿ ಒಂದು ಪಾಠವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಯಾವ ಪಾಠವನ್ನು ಆರಿಸಿಕೊಳ್ಳೋಣವೆಂದು ನಾವು ಬಹಳ ಹೊತ್ತು ಆಲೋಚಿಸಬೇಕಾಗಲಿಲ್ಲ. ನಾಲ್ಕೇ ಅಕ್ಷರಗಳ ಒಂದು ಪದವು ಕೆಲವು ವರ್ಷಗಳಿಂದ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ನಟ್ಟುಕೊಂಡಿದೆ. ಎಫ್, ಏ, ಐ, ಆರ್ ಎಂಬ ಅಕ್ಷರಗಳಿಂದಾದ ‘ಫೇರ್’ ಎಂಬದೇ ಆ ಪದ.

ಹಳೆಯ ವಿದ್ಯಾರ್ಥಿನಿಯರೇ, ಈ ಪದವು ನಿಮಗೆ ಹೊಸತಲ್ಲ. ನಿಮ್ಮ ಚೀಲದಲ್ಲಿ ‘ರಫ್’ ಪುಸ್ತಕದ ಜೊತೆಗೆ ಒಂದು ‘ಫೇರ್’ ಪುಸ್ತಕವಿರುತ್ತಿತ್ತು. ನಿಮ್ಮ ಪ್ರಗತಿಪತ್ರದಲ್ಲಿ ಕೆಲವು ವಿಷಯಗಳ ಮುಂದೆ ‘ಫೇರ್’ ಎಂದು ಬರೆದಿರುತ್ತಿತ್ತು. ನೀವು ಮಾಡಿದ ಹೊಲಿಗೆ ಕಸೂತಿಗಳನ್ನು ಮಾರಿ ಬಡ ಮಕ್ಕಳ ಫೀಜಿಗಾಗಿ ಹಣ ಕೂಡಿಸುತ್ತಿದ್ದ ದಿನಕ್ಕೆ ‘ಫ್ಯಾನ್ಸಿ ಫೇರ್’ ಎಂದು ಹೆಸರು. ಆಟದ ಬಯಲಿನಲ್ಲಿ ‘ಫೇರ್ ಪ್ಲೇ’ ಇರಲಿ ಎಂದು ನಾವು ಕೂಗಿ ಹೇಳುತ್ತಿದ್ದೆವು. ತಾಯಿತಂದೆಗಳೇ, ನಿಮಗೂ ಈ ಪದದ ಪರಿಚಯವುಂಟು. ಮಗಳಿಗೆ ಗಂಡು ನೋಡುವ ಕಾಲ ಬಂದಾಗ ವರ್ತಮಾನಪತ್ರಗಳ ವಿವಾಹ ಪ್ರಕಟಣೆಗಳಲ್ಲಿ ನೀವು ಇದನ್ನು ಓದಿರುವಿರಿ. ಇವೆಲ್ಲವೂ ಒಂದೇ ಪದವೋ, ಬೇರೆ ಬೇರೆ ಪದಗಳೋ? ಒಂದೇ ಆಗಿದ್ದರೆ ಇಷ್ಟು ಅರ್ಥಗಳು ಅದಕ್ಕೆ ಎಲ್ಲಿಂದ ಬಂದವು? ಇದನ್ನೇ ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಆದರೆ ಅದಕ್ಕೆ ಮೊದಲು, ಈ ವಿಚಾರಕ್ಕೆ ಕಾರಣವಾದ ಸಂಗತಿಯನ್ನು ಹೇಳುವದು ನಮ್ಮ ಕರ್ತವ್ಯ.

ನಮ್ಮಲ್ಲಿ ಓದಿದ ಹುಡುಗಿಯರಲ್ಲಿ ಒಬ್ಬಳು ಥ್ರೋಬಾಲ್ ತಂಡದ ನಾಯಕಿಯಾಗಿದ್ದಳು. ಆಕೆಯ ಹೆಸರನ್ನು ಇಲ್ಲಿ ಹೇಳುವದಿಲ್ಲ. ಒಂದು ಪಂದ್ಯದಲ್ಲಿ ಎರಡು ತಂಡಗಳೂ ಸರಿಸಮವಾಗಿ ನಿಂತಿದ್ದಾಗ, ನಿರ್ಣಾಯಕರು ಒಂದು ಅಂಕವನ್ನು ನಮ್ಮ ತಂಡಕ್ಕೆ ಕೊಟ್ಟರು. ಕೂಡಲೆ ಈ ಹುಡುಗಿಯು ಕೈಯೆತ್ತಿ, “ಚೆಂಡು ನನ್ನ ಬೆರಳಿಗೆ ತಾಕಿ ಹೊರಗೆ ಬಿದ್ದಿತು, ಅಂಕ ಅವರದು” ಎಂದು ಹೇಳಿದಳು. ಆ ಪಂದ್ಯವನ್ನು ನಾವು ಸೋತೆವು. ಆಕೆ ಶಾಲೆ ಬಿಡುವ ಕಾಲದಲ್ಲಿ ಗುಣಪತ್ರವನ್ನು ಬರೆದುಕೊಡುವ ಕೆಲಸವು ನಮ್ಮ ಪಾಲಿಗೆ ಬಂದಿತು. ಆ ಸಾಯಂಕಾಲವನ್ನು ನೆನೆದು, ‘ಎ ಫೇರ್ ಅಂಡ್ ಟ್ರುತ್‌ಫುಲ್ ಗರ್ಲ್’ ಎಂದು ನಾವು ಬರೆದೆವು. ಈಕೆ ನ್ಯಾಯವಂತೆ, ಸತ್ಯವಂತೆ ಎಂಬದು ನಮ್ಮ ಅಭಿಪ್ರಾಯವಾಗಿತ್ತು.

ನಾಲ್ಕಾರು ವರ್ಷಗಳು ಕಳೆದ ಮೇಲೆ ಒಂದು ದಿನ ಆಕೆಯ ತಂದೆಯು ಅದೇ ಪತ್ರವನ್ನು ಹಿಡಿದುಕೊಂಡು, ಮಗಳನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದರು. “ಅಕ್ಕೋರೇ, ನೀವು ಬರೆದುಕೊಟ್ಟ ಮಾತು ಸುಳ್ಳೆಂದು ಜನರು ಹೇಳಿ ಹೋದರು” ಎಂದರು. ಹುಡುಗಿಯನ್ನು ನೋಡಲು ಬಂದಿದ್ದ ಗಂಡಿನ ಕಡೆಯ ಹಿರಿಯರೊಬ್ಬರು ಆಕೆಯ ಓದಿನ ಪತ್ರಗಳನ್ನೆಲ್ಲ ತಿರುವಿಹಾಕುತ್ತ ನಮ್ಮ ಬರಹವನ್ನು ಓದಿದರಂತೆ. ಅನಂತರ ಹುಡುಗಿಯ ಮುಖವನ್ನು ನೋಡಿ, “ಇದರಲ್ಲಿ ಬೆಳ್ಳಗಿದ್ದಾಳೆಂದು ಬರೆದಿದೆ, ಇವಳು ಕಪ್ಪಗಿದ್ದಾಳಲ್ಲ! ಶಾಲೆಯವರೂ ಸುಳ್ಳು ಬರೆಯುವರೇ?” ಎಂದು ಕೇಳಿ ಎದ್ದುಹೋದರಂತೆ. ಆ ಮಾತನ್ನು ಹುಡುಗಿಯು ಬಾಗಿಲ ಮರೆಯಲ್ಲಲ್ಲ, ಎದುರಿನಲ್ಲಿಯೇ ಕುಳಿತು ಕೇಳಿದ್ದಳು.

ನಾವು ಆ ಪದದ ಅರ್ಥವನ್ನು ತಂದೆಗೆ ಬಿಡಿಸಿ ಹೇಳಿದೆವು. ಅವರು ಸಮಾಧಾನಪಟ್ಟರು. ಹುಡುಗಿಯು ಮಾತ್ರ ಒಂದು ಪ್ರಶ್ನೆ ಕೇಳಿದಳು. “ಅಕ್ಕೋರೇ, ಈ ಪದಕ್ಕೆ ಎರಡು ಅರ್ಥಗಳಿದ್ದರೆ ಯಾವದು ಮೊದಲು ಬಂದದ್ದು?” ನಮಗೆ ಆ ಕ್ಷಣದಲ್ಲಿ ಖಚಿತವಾಗಿ ಹೇಳಲಾಗಲಿಲ್ಲ. ನಿಘಂಟುಗಳನ್ನು ನೋಡಿ ಹೇಳುತ್ತೇವೆಂದೆವು. ಈ ಪಾಠವು ಆಕೆಗೆ ಕೊಡಬೇಕಾದ ಆ ಉತ್ತರವಾಗಿದೆ. ಹೊರಡುವಾಗ ಆಕೆ ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು; ಅದನ್ನು ಕಡೆಯಲ್ಲಿ ತಿಳಿಸುವೆವು.

ಮೊದಲು ಪದದ ಮೂಲವನ್ನು ನೋಡೋಣ. ಇಂಗ್ಲಿಷಿನಲ್ಲಿ ಲತೀನಿನಿಂದಲೂ ಫ್ರೆಂಚಿನಿಂದಲೂ ಬಂದ ಪದಗಳು ಸಾವಿರಾರು ಉಂಟು. ಗುಣವಾಚಕವಾದ ಈ ‘ಫೇರ್’ ಅಂಥದಲ್ಲ. ಇದು ಇಂಗ್ಲಿಷರ ಮನೆಮಾತು. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದನ್ನು ಸುಮಾರಾಗಿ ‘ಫ್ಯಾಯೆರ್’ ಎಂದು ಉಚ್ಚರಿಸುತ್ತಿದ್ದರು. ಆಗ ಇದಕ್ಕೆ ಚೆಲುವಾದದ್ದು, ಕಣ್ಣಿಗೂ ಮನಸ್ಸಿಗೂ ಹಿತವಾದದ್ದು ಎಂದು ಅರ್ಥ. ಇದರ ಬಳಗಕ್ಕೆ ಸೇರಿದ ಗಾಥಿಕ್ ಭಾಷೆಯ ಪದವೊಂದಕ್ಕೆ ‘ತಕ್ಕುದಾದದ್ದು, ಹೊಂದುವಂಥದು’ ಎಂಬ ಅರ್ಥವಿತ್ತು. ಹೊಂದಿಕೆಯಾದದ್ದೇ ಚೆಲುವು ಎಂಬ ಭಾವನೆಯು ಈ ಬಳಗದಲ್ಲಿ ಅಡಗಿದೆಯೆಂದು ಕಾಣುತ್ತದೆ.

ಇದು ಕನ್ನಡಿಗರಿಗೆ ವಿಚಿತ್ರವಾಗಿ ತೋರಬೇಕಾಗಿಲ್ಲ. ನಮ್ಮ ‘ಚಂದ’ ಎಂಬ ಪದವನ್ನೇ ನೋಡಿರಿ. “ಮಗು ಚಂದವಾಗಿದೆ” ಎನ್ನುವಾಗ ರೂಪವನ್ನು ಹೇಳುತ್ತೇವೆ. “ಅಕ್ಷರ ಚಂದವಾಗಿ ಬರೆ” ಎನ್ನುವಾಗ ಶುದ್ಧತೆಯನ್ನು ಹೇಳುತ್ತೇವೆ. “ಹಿರಿಯರ ಮುಂದೆ ಹೀಗೆ ಮಾತಾಡುವದು ಚಂದವಲ್ಲ” ಎನ್ನುವಾಗ ನಡತೆಯ ಯೋಗ್ಯತೆಯನ್ನು ಹೇಳುತ್ತೇವೆ. ರೂಪದಿಂದ ಶುದ್ಧತೆಗೆ, ಶುದ್ಧತೆಯಿಂದ ನಡತೆಗೆ ಆ ಪದವು ಹೇಗೆ ಹಬ್ಬಿತೋ, ‘ಫೇರ್’ ಎಂಬದೂ ಹಾಗೆಯೇ ಹಬ್ಬಿತೆಂದು ತಿಳಿದುಕೊಂಡರೆ ಮುಂದಿನ ದಾರಿ ಸುಲಭವಾಗುವದು.

ಇದರ ವಿರುದ್ಧಪದವು ‘ಫೌಲ್’ ಎಂಬದು. ಅದರ ಮೂಲಾರ್ಥ ಕೊಳೆತದ್ದು, ನಾರುವಂಥದು. ಆಟದಲ್ಲಿ ನಿಯಮ ತಪ್ಪಿದಾಗ ‘ಫೌಲ್’ ಎಂದು ಕೂಗುವದನ್ನು ಎಲ್ಲರೂ ಬಲ್ಲರು. ಈ ಎರಡು ಪದಗಳು ಹಗಲು ರಾತ್ರಿಗಳಂತೆ ಜೋಡಿಯಾಗಿ ನಡೆಯುತ್ತವೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮೊದಲನೆಯ ದೃಶ್ಯದಲ್ಲಿ ಮೂವರು ಮಾಟಗಾತಿಯರು ಇವೆರಡನ್ನೂ ಅದಲುಬದಲು ಮಾಡಿ ಹೇಳುತ್ತಾರೆ. ಒಳ್ಳೆಯದು ಕೆಟ್ಟದ್ದಾಗಿಯೂ ಕೆಟ್ಟದ್ದು ಒಳ್ಳೆಯದಾಗಿಯೂ ತೋರುವ ಆ ರಾಜ್ಯದಲ್ಲಿ, ಮೊದಲು ಕೆಟ್ಟುಹೋಗುವದು ಪದಗಳ ಅರ್ಥವೇ ಎಂಬದನ್ನು ಗಮನಿಸತಕ್ಕದ್ದು.

ಎರಡನೆಯ ಅರ್ಥವು ನಿರ್ಮಲವಾದದ್ದು, ಕಲೆಯಿಲ್ಲದ್ದು ಎಂಬದು. ಮೋಡವಿಲ್ಲದ ಆಕಾಶಕ್ಕೆ ‘ಫೇರ್ ವೆದರ್’ ಎನ್ನುತ್ತಾರೆ. ವಾಯುಭಾರವನ್ನು ಅಳೆಯುವ ಹಳೆಯ ಯಂತ್ರಗಳ ಮುಖದ ಮೇಲೆ ‘ಸ್ಟಾರ್ಮಿ’, ‘ರೇನ್’, ‘ಚೇಂಜ್’, ‘ಫೇರ್’ ಎಂದು ಕ್ರಮವಾಗಿ ಕೆತ್ತಿರುತ್ತಿದ್ದರು. ಬಿಸಿಲಿರುವಾಗ ಜೊತೆಗಿದ್ದು ಮಳೆ ಬಂದಾಗ ಮಾಯವಾಗುವ ಸ್ನೇಹಿತನಿಗೆ ‘ಫೇರ್ ವೆದರ್ ಫ್ರೆಂಡ್’ ಎಂದು ಹೆಸರು. ಹಡಗಿಗೆ ಅನುಕೂಲವಾಗಿ ಬೀಸುವ ಗಾಳಿಗೆ ‘ಫೇರ್ ವಿಂಡ್’ ಎಂದು ಹೇಳುವದುಂಟು. ಕಳಂಕವಿಲ್ಲದ ಒಳ್ಳೆಯ ಹೆಸರಿಗೆ ‘ಫೇರ್ ನೇಮ್’ ಎನ್ನುವರು. ನಮ್ಮ ಕಚೇರಿಗಳಲ್ಲಿ ಕರಡು ಎಂಬದೊಂದು, ಶುದ್ಧ ಪ್ರತಿ ಎಂಬದೊಂದು ಇರುವದಷ್ಟೆ. ಆ ಶುದ್ಧ ಪ್ರತಿಯೇ ‘ಫೇರ್ ಕಾಪಿ’. ನಿಮ್ಮ ‘ಫೇರ್’ ಪುಸ್ತಕಕ್ಕೆ ಹೆಸರು ಬಂದದ್ದು ಇಲ್ಲಿಂದ. ಅದರ ಕಾಗದ ಬೆಳ್ಳಗಿತ್ತೆಂದು ಆ ಹೆಸರು ಬರಲಿಲ್ಲ. ಅದರಲ್ಲಿ ತಪ್ಪುಗಳನ್ನು ತಿದ್ದಿ ಬರೆಯುತ್ತಿದ್ದಿರೆಂದು ಬಂದಿತು.

ಮೂರನೆಯ ಅರ್ಥವು ನ್ಯಾಯವಾದದ್ದು, ಪಕ್ಷಪಾತವಿಲ್ಲದ್ದು ಎಂಬದು. ನಡತೆಯಲ್ಲಿ ಕಲೆಯಿಲ್ಲದವನು ‘ಫೇರ್’ ಎನಿಸಿಕೊಳ್ಳುವದು ಸಹಜವೇ. ಈ ಅರ್ಥವು ಇಂಗ್ಲಿಷಿನಲ್ಲಿ 14ನೆಯ ಶತಮಾನದಷ್ಟು ಹಿಂದೆಯೇ ಬೇರೂರಿತ್ತು. ಆಟದ ‘ಫೇರ್ ಪ್ಲೇ’, ನ್ಯಾಯಾಲಯದ ‘ಫೇರ್ ಟ್ರಯಲ್’, ಪಾಲು ಹಂಚುವಾಗಿನ ‘ಫೇರ್ ಷೇರ್’ ಇವೆಲ್ಲ ಈ ಗುಂಪಿನವು. ವಿಶ್ವಸಂಸ್ಥೆಯು 1948ನೆಯ ಇಸವಿಯ ದಶಂಬರ 10ರಂದು ಪ್ರಕಟಿಸಿದ ಮಾನವ ಹಕ್ಕುಗಳ ಘೋಷಣೆಯ 10ನೆಯ ವಿಧಿಯು, ಯಾವ ಮನುಷ್ಯನ ಮೇಲೆ ಆರೋಪ ಬಂದರೂ ಅವನ ಮಾತನ್ನು ಬಹಿರಂಗವಾಗಿಯೂ ನ್ಯಾಯವಾಗಿಯೂ ಕೇಳಬೇಕೆಂದು ವಿಧಿಸುವಾಗ ಈ ‘ಫೇರ್’ ಎಂಬ ಪದವನ್ನೇ ಬಳಸುತ್ತದೆ. ಭಾರತದಲ್ಲಿ ರೈತರ ಭೂಮಿಯನ್ನು ಸರಕಾರವು ತೆಗೆದುಕೊಳ್ಳುವಾಗ ಕೊಡತಕ್ಕ ಪರಿಹಾರವನ್ನು ಕುರಿತು 2013ರಲ್ಲಿ ಆದ ಕಾಯಿದೆಯ ಹೆಸರಿನಲ್ಲಿಯೂ ಇದೇ ಪದವಿದೆ.

ಇಷ್ಟು ದೂರ ಹೋಗುವದೇಕೆ? ಅಕ್ಕಿಯನ್ನೂ ಗೋಧಿಯನ್ನೂ ತರಲು ನಮ್ಮ ನಾಡಿನ ಮನೆಮನೆಯವರೂ ಚೀಟಿ ಹಿಡಿದು ನಿಲ್ಲುವ ‘ಫೇರ್ ಪ್ರೈಸ್ ಷಾಪ್’ ಉಂಟಲ್ಲ, ಅದನ್ನು ಕನ್ನಡದಲ್ಲಿ ‘ನ್ಯಾಯಬೆಲೆ ಅಂಗಡಿ’ ಎಂದು ಎಷ್ಟು ಸರಿಯಾಗಿ ಕರೆದಿದ್ದಾರೆ! ಅದನ್ನು ‘ಚೆಲುವು ಬೆಲೆಯ ಅಂಗಡಿ’ ಎಂದಾಗಲಿ ‘ಬಿಳಿ ಬೆಲೆಯ ಅಂಗಡಿ’ ಎಂದಾಗಲಿ ಯಾರೂ ಅನುವಾದಿಸಲಿಲ್ಲ. ಅಂಗಡಿಯ ಹಲಗೆಯ ಮೇಲೆ ಆ ಪದದ ನಿಜವಾದ ಅರ್ಥವನ್ನು ಓದಬಲ್ಲ ನಾವು, ಒಬ್ಬ ಹುಡುಗಿಯ ಗುಣಪತ್ರದಲ್ಲಿ ಅದನ್ನು ಓದಲಾರದೆ ಹೋದದ್ದು ಏಕೆ?

ಈ ಅರ್ಥದಲ್ಲಿ ಇನ್ನೊಂದು ಸೂಕ್ಷ್ಮವುಂಟು. ‘ಈಕ್ವಲ್’ ಎಂದರೆ ಸಮವಾದದ್ದು. ‘ಫೇರ್’ ಎಂದರೆ ಸಲ್ಲತಕ್ಕದ್ದು. ಹಬ್ಬದ ದಿನ ತಾಯಿಯು ಮಕ್ಕಳಿಗೆ ಹೋಳಿಗೆ ಬಡಿಸುವಾಗ, ಜ್ವರ ಬಿಟ್ಟು ಎದ್ದ ಮಗುವಿಗೆ ಗಂಜಿಯನ್ನು ಕೊಡುತ್ತಾಳೆ. ಅದು ಸಮವಲ್ಲ, ಆದರೂ ನ್ಯಾಯವೇ. ಆದರೆ ಮಗ ಹಟ ಮಾಡುವನೆಂದು ಅವನಿಗೆ ಎರಡು, ಮಗಳು ಸುಮ್ಮನಿರುವಳೆಂದು ಅವಳಿಗೆ ಒಂದು ಬಡಿಸಿದರೆ ಅದು ಸಮವೂ ಅಲ್ಲ, ನ್ಯಾಯವೂ ಅಲ್ಲ. ಇಂಗ್ಲಿಷು ಮಕ್ಕಳು ಚಿಕ್ಕಂದಿನಲ್ಲಿಯೇ ಕಲಿಯುವ ವಾಕ್ಯಗಳಲ್ಲಿ ‘ದಟ್ಸ್ ನಾಟ್ ಫೇರ್’ ಎಂಬದೊಂದು. ನಮ್ಮ ಹೆಣ್ಣುಮಕ್ಕಳು ಅದನ್ನು ಕನ್ನಡದಲ್ಲಿ, ವಿನಯದಿಂದಲೂ ಧೈರ್ಯದಿಂದಲೂ ಹೇಳಲು ಕಲಿತರೆ ಒಳ್ಳೆಯದೆಂದು ನಮ್ಮ ಭಾವನೆ.

ನಾಲ್ಕನೆಯ ಅರ್ಥವು ತಕ್ಕಮಟ್ಟಿನದು, ಸಾಧಾರಣವಾದದ್ದು ಎಂಬದು. ಪ್ರಗತಿಪತ್ರದಲ್ಲಿ ‘ಎಕ್ಸಲೆಂಟ್’, ‘ಗುಡ್’, ‘ಫೇರ್’, ‘ಪೂರ್’ ಎಂದು ನಾಲ್ಕು ಮೆಟ್ಟಲುಗಳನ್ನು ಇಟ್ಟುಕೊಂಡರೆ ‘ಫೇರ್’ ಎಂಬದು ಮೇಲಿನಿಂದ ಮೂರನೆಯದು. ಒಮ್ಮೆ ಒಬ್ಬ ತಾಯಿಯು ಮಗಳ ಪತ್ರದಲ್ಲಿ ಗಣಿತದ ಮುಂದೆ ಈ ಪದವನ್ನು ಕಂಡು, ಪಕ್ಕದ ಮನೆಯವರಿಂದ ‘ಚೆಲುವು’ ಎಂಬ ಅರ್ಥವನ್ನು ಕೇಳಿ ತಿಳಿದುಕೊಂಡು, ಸಂತೋಷದಿಂದ ಕೇರಿಗೆಲ್ಲ ಸಕ್ಕರೆ ಹಂಚಿದರು. ಮಾರನೆಯ ದಿನ ನಮ್ಮನ್ನು ಕಂಡು ಕೈಮುಗಿದಾಗ, ನಿಜವಾದ ಅರ್ಥವನ್ನು ಹೇಳುವದಕ್ಕೆ ನಮಗೆ ಬಾಯಿ ಬರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಆ ಹುಡುಗಿಗೆ ‘ಗುಡ್’ ಎಂದು ಬಂದಾಗ, ಇದೇಕೆ ಇಳಿದುಹೋಯಿತೆಂದು ಅದೇ ತಾಯಿ ಬಂದು ಕೇಳಿದರು!

ಈ ನಾಲ್ಕನೆಯ ಅರ್ಥವು ‘ಫೇರ್ಲಿ’ ಎಂಬ ಕ್ರಿಯಾವಿಶೇಷಣದಲ್ಲಿಯೂ ಕಾಣುತ್ತದೆ. ವ್ಯಾಕರಣ ತರಗತಿಯಲ್ಲಿ ನಾವು ಹೇಳುತ್ತಿದ್ದ ಒಂದು ಸೂತ್ರವನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಮೆಚ್ಚಿಕೆಯಾದದ್ದಕ್ಕೆ ‘ಫೇರ್ಲಿ’, ಮೆಚ್ಚಿಕೆಯಾಗದ್ದಕ್ಕೆ ‘ರಾದರ್’. ಲೆಕ್ಕ ತಕ್ಕಮಟ್ಟಿಗೆ ಸುಲಭವಾಗಿದ್ದರೆ ‘ಫೇರ್ಲಿ ಈಸಿ’, ತುಸು ಕಷ್ಟವಾಗಿದ್ದರೆ ‘ರಾದರ್ ಡಿಫಿಕಲ್ಟ್’. ‘ಷಿ ವಾಸ್ ಫೇರ್ಲಿ ಟ್ರೀಟೆಡ್’ ಎಂಬಲ್ಲಿ ಮಾತ್ರ ‘ಫೇರ್ಲಿ’ ಎಂದರೆ ತಕ್ಕಮಟ್ಟಿಗೆ ಎಂದಲ್ಲ, ನ್ಯಾಯವಾಗಿ ಎಂದೇ ತಿಳಿಯಬೇಕು. ಮುಂದಿರುವ ಪದವನ್ನು ನೋಡಿ ಅರ್ಥ ಮಾಡಿಕೊಳ್ಳತಕ್ಕದ್ದು.

ಇನ್ನು ‘ಫ್ಯಾನ್ಸಿ ಫೇರ್’, ‘ಬುಕ್ ಫೇರ್’ ಎಂಬಲ್ಲಿಯ ನಾಮಪದ. ಅಕ್ಷರಗಳು ಅವೇ, ಉಚ್ಚಾರವೂ ಅದೇ. ಆದರೆ ಇದು ಬೇರೆ ಮನೆತನದ ಪದ. ಲತೀನಿನಲ್ಲಿ ಪವಿತ್ರ ದಿನಗಳಿಗೆ, ಅಂದರೆ ಕೆಲಸವಿಲ್ಲದ ಹಬ್ಬದ ದಿನಗಳಿಗೆ, ‘ಫೇರಿಯೆ’ ಎಂದು ಹೆಸರು. ಅದು ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದಿತು. ಹಬ್ಬಕ್ಕೆ ಜನರು ನೆರೆಯುತ್ತಿದ್ದರು. ನೆರೆದಲ್ಲಿ ವ್ಯಾಪಾರಿಗಳು ಅಂಗಡಿ ಹೂಡುತ್ತಿದ್ದರು. ಹೀಗೆ ಹಬ್ಬದ ಹೆಸರು ಸಂತೆಗೆ ಅಂಟಿಕೊಂಡಿತು. ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಸಂತ ಬಾರ್ತೊಲೊಮಾಯನ ಹಬ್ಬದ ಕಾಲಕ್ಕೆ ಕೂಡುತ್ತಿದ್ದ ‘ಬಾರ್ತೊಲೊಮ್ಯೂ ಫೇರ್’ 1133ರಲ್ಲಿ ಅರಸನ ಸನ್ನದು ಪಡೆದು 1855ರ ವರೆಗೆ ನಡೆಯಿತು. ನಮ್ಮ ಜಾತ್ರೆಗಳ ಕಥೆಯೂ ಇದೇ ಅಲ್ಲವೇ? ‘ಯಾತ್ರೆ’ ಎಂಬದರಿಂದ ‘ಜಾತ್ರೆ’ ಆಯಿತು. ತೇರಿನ ಹಿಂದೆಯೇ ಬಳೆಗಾರರೂ ಬೆಂಡುಬತ್ತಾಸಿನವರೂ ಬಂದರು. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕಮಾಸದಲ್ಲಿ ಕೂಡುವ ಕಡಲೆಕಾಯಿ ಪರಿಷೆಯನ್ನು ಇಂಗ್ಲಿಷು ಪತ್ರಿಕೆಗಳು ‘ಫೇರ್’ ಎಂದು ಕರೆಯುವದು ತಕ್ಕದ್ದೇ ಆಗಿದೆ.

ಕಿವಿಗೆ ಒಂದೇ ಆಗಿ ಕೇಳಿದರೂ ಕಣ್ಣಿಗೆ ಬೇರೆಯಾದ ಇನ್ನೊಂದು ಪದವು ಎಫ್, ಏ, ಆರ್, ಈ ಎಂಬ ಅಕ್ಷರಗಳದು. ಇದು ಬಸ್ಸಿಗೂ ರೈಲಿಗೂ ಕೊಡುವ ಪ್ರಯಾಣದ ದರ. ಪ್ರಯಾಣ ಮಾಡು ಎಂಬರ್ಥದ ಹಳೆಯ ಇಂಗ್ಲಿಷು ಧಾತುವಿನಿಂದ ಇದು ಬಂದಿದೆ. ಇದನ್ನೂ ಅದನ್ನೂ ಬೆರಸಿ ಬರೆಯುವ ತಪ್ಪು ನಮ್ಮ ಮಕ್ಕಳಲ್ಲಿ ಬಹಳವಿದೆ. ‘ಫೇರಿ’ ಎಂಬ ಕಿನ್ನರಿಯ ಹೆಸರೂ ‘ಫೇರ್’ ಎಂಬದರಿಂದ ಹುಟ್ಟಿದ್ದೆಂದು ಕೆಲವರು ಎಣಿಸುತ್ತಾರೆ, ಅದೂ ಸರಿಯಲ್ಲ. ವಿಧಿ ಎಂಬರ್ಥದ ಲತೀನು ಪದದಿಂದ ಅದು ಫ್ರೆಂಚಿನ ಮೂಲಕ ಬಂದಿತು. ಆದುದರಿಂದ ಕಿನ್ನರಿಯು ಬೆಳ್ಳಗೇ ಇರಬೇಕೆಂಬ ನಿಯಮವು ಪದಕೋಶದಲ್ಲಿ ಎಲ್ಲಿಯೂ ಇಲ್ಲ.

ಈಗ ನಾವು ಬೇಕೆಂದೇ ಹಿಂದೆ ಬಿಟ್ಟಿದ್ದ ಅರ್ಥಕ್ಕೆ ಬರುತ್ತೇವೆ. ‘ಫೇರ್’ ಎಂದರೆ ಬಿಳುಪು ಮೈಬಣ್ಣ, ಹೊಂಬಣ್ಣದ ಕೂದಲು ಎಂಬ ಅರ್ಥವು ಇಂಗ್ಲಿಷಿನಲ್ಲಿ ಚೆಲುವೆಂಬ ಮೂಲಾರ್ಥದ ಅನಂತರ ಬಂದದ್ದು. ಬಿಸಿಲಿನಲ್ಲಿ ದುಡಿಯುವ ಅವಶ್ಯವಿಲ್ಲದ ಸ್ತ್ರೀಯರ ಬಿಳುಪನ್ನು ಆ ಕಾಲದ ಅಭಿರುಚಿಯು ಚೆಲುವೆಂದು ಎಣಿಸಿತು. ಮೊದಲು ಬಿಳುಪನ್ನು ಚೆಲುವೆಂದರು. ಕ್ರಮೇಣ ಚೆಲುವಿನ ಹೆಸರೇ ಬಿಳುಪಿಗೆ ಹೆಸರಾಯಿತು. ಆ ಹುಡುಗಿಯ ಮೊದಲನೆಯ ಪ್ರಶ್ನೆಗೆ ಇದೇ ಉತ್ತರ. ಚೆಲುವು ಹಿರಿಯಳು. ಮೈಬಣ್ಣವು ಅವಳ ಅನಂತರ ಮನೆಗೆ ಬಂದು, ಹಿರಿಯಳ ಹೆಸರನ್ನೇ ತನ್ನದೆಂದು ಹೇಳಿಕೊಂಡು ಕುಳಿತದ್ದು.

ಇದಕ್ಕೆ ಎರಡು ಸಾಕ್ಷಿಗಳನ್ನು ಕೊಡುತ್ತೇವೆ. ಜೇಮ್ಸ್ ಅರಸನ ಕಾಲದಲ್ಲಿ, 1611ರಲ್ಲಿ ಅಚ್ಚಾದ ಇಂಗ್ಲಿಷು ಬೈಬಲಿನ ಪರಮಗೀತವನ್ನು ತೆಗೆದು ನೋಡಿರಿ. ಮೊದಲನೆಯ ಅಧ್ಯಾಯದ 5ನೆಯ ಮತ್ತು 6ನೆಯ ವಚನಗಳಲ್ಲಿ ವಧುವು ತಾನು ಕಪ್ಪಗಿರುವೆನೆಂದೂ, ಅಣ್ಣತಮ್ಮಂದಿರು ತನ್ನನ್ನು ದ್ರಾಕ್ಷೆಯ ತೋಟ ಕಾಯಲು ಇಟ್ಟದ್ದರಿಂದ ಬಿಸಿಲು ತನ್ನನ್ನು ಸುಟ್ಟಿತೆಂದೂ ಹೇಳಿಕೊಳ್ಳುತ್ತಾಳೆ. ಎರಡೇ ವಚನಗಳ ಮುಂದೆ, 8ನೆಯದರಲ್ಲಿ, ಅದೇ ಕಪ್ಪು ಹೆಣ್ಣನ್ನು ಸ್ತ್ರೀಯರೆಲ್ಲರಲ್ಲಿ ಅತ್ಯಂತ ‘ಫೇರ್’ ಎಂದು ಸಂಬೋಧಿಸಲಾಗಿದೆ. ಆ ಪಂಡಿತರು ಇಲ್ಲಿ ‘ಫೇರ್’ ಎಂದದ್ದು ಚೆಲುವಿಗೆ. ಬಣ್ಣಕ್ಕಾಗಿದ್ದರೆ ಆ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಮೂಲದ ಇಬ್ರಿಯ ಪದಕ್ಕೂ ಚೆಲುವೆಂದೇ ಅರ್ಥ.

ಎರಡನೆಯ ಸಾಕ್ಷಿಯು ಷೇಕ್ಸ್‌ಪಿಯರನ ಚತುರ್ದಶಪದಿಗಳು. 1609ರಲ್ಲಿ ಅಚ್ಚಾದ ಈ 154 ಪದ್ಯಗಳಲ್ಲಿ 127ನೆಯದರಿಂದ ಮುಂದೆ, ಕಪ್ಪು ಕಣ್ಣು ಕಪ್ಪು ಕೂದಲಿನ ಒಬ್ಬ ಸ್ತ್ರೀಯ ಪ್ರಸ್ತಾಪವಿದೆ. ಆ 127ನೆಯ ಪದ್ಯದಲ್ಲಿ ಕವಿಯು ‘ಫೇರ್’ ಎಂಬ ಪದದ ಎರಡು ಅರ್ಥಗಳನ್ನೂ ಒಂದಕ್ಕೊಂದು ತಾಗಿಸಿ, ಕಪ್ಪಿಗೆ ಚೆಲುವೆಂಬ ಹೆಸರು ಸಲ್ಲದೆಂಬ ರೂಢಿಯನ್ನು ಪ್ರಶ್ನಿಸುತ್ತಾನೆ. ಇಂಗ್ಲಿಷರ ಮಹಾಕವಿಯೇ ಬಿಳುಪೆಂಬ ಆ ಅರ್ಥವನ್ನು ವಿಚಾರಣೆಗೆ ನಿಲ್ಲಿಸಿದ್ದನು.

ನಾವಾದರೋ ಅದನ್ನು ವಿಚಾರಿಸದೆ ಮನೆಯೊಳಗೆ ಕರೆದುಕೊಂಡೆವು. ಇಂಗ್ಲಿಷಿನಿಂದಲೇ ಈ ದೋಷ ಬಂದಿತೆಂದು ನಾವು ಹೇಳುವದಿಲ್ಲ. ಬಿಳುಪಿನ ಮೋಹವು ನಮ್ಮಲ್ಲಿಯೂ ಹಳೆಯದೇ. ಆದರೂ ಅದಕ್ಕೆ ಎದುರು ಹೇಳುವ ಮಾತುಗಳು ನಮ್ಮಲ್ಲಿ ಇಲ್ಲದಿಲ್ಲ. ಮಹಾಭಾರತದ ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದದ್ದು ಮೈಬಣ್ಣದಿಂದ; ಆಕೆಯ ಚೆಲುವನ್ನು ಯಾರೂ ಸಂದೇಹಿಸಲಿಲ್ಲ. ಎಣ್ಣೆಗಪ್ಪು, ಸಾದಗಪ್ಪು ಎಂಬ ಸೊಗಸಾದ ಪದಗಳನ್ನು ನಮ್ಮ ಅಜ್ಜಿಯಂದಿರು ನಿಂದೆಯಿಲ್ಲದೆ ಆಡುತ್ತಿದ್ದರು. ಆಕಳು ಕಪ್ಪಾದರೆ ಹಾಲು ಕಪ್ಪೇ ಎಂಬ ಗಾದೆಯು ಹಳ್ಳಿಹಳ್ಳಿಯಲ್ಲಿಯೂ ಉಂಟು. ಎರೆಯ ಭೂಮಿಯನ್ನು ಕಂಡವರಿಗೆ, ಬಿಳಿಯ ಹತ್ತಿಯು ಎಷ್ಟು ಕಪ್ಪಾದ ಮಣ್ಣಿನಲ್ಲಿ ಬೆಳೆಯುತ್ತದೆಂದು ಹೇಳಬೇಕಾಗಿಲ್ಲ. ಇಷ್ಟಿದ್ದರೂ, 1975ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿದ್ದ ಒಂದು ಪ್ರಸಿದ್ಧ ಮುಖಲೇಪವು ‘ಫೇರ್’ ಎಂಬ ಪದವನ್ನೇ ಹೆಸರಿನಲ್ಲಿ ಹೊತ್ತುಕೊಂಡು ಮನೆಮನೆಯ ಕನ್ನಡಿಯ ಮುಂದೆ ಕುಳಿತಿತು. 2020ರಲ್ಲಿ ಆ ಪದವನ್ನು ಅದರ ಹೆಸರಿನಿಂದ ತೆಗೆದುಹಾಕಿದರು. ಡಬ್ಬಿಯ ಮೇಲಿಂದ ಪದವನ್ನು ಅಳಿಸುವದು ಸುಲಭ. ಮನಸ್ಸಿನಲ್ಲಿ ಅದಕ್ಕೆ ನಿಜವಾದ ಅರ್ಥವನ್ನು ತುಂಬುವದು ಕಷ್ಟ.

ಪಾಠವಾದ ಮೇಲೆ ಅಭ್ಯಾಸವಿರಬೇಕಷ್ಟೆ. ತಾಯಂದಿರು ಮಕ್ಕಳನ್ನು ಕೂರಿಸಿಕೊಂಡು ಈ ಕೆಳಗಿನವುಗಳ ಅರ್ಥವನ್ನು ಕನ್ನಡದಲ್ಲಿ ಹೇಳಿಸಿರಿ. 1. ‘ಎ ಫೇರ್ ಕಾಪಿ’. 2. ‘ಎ ಫೇರ್ ಜಡ್ಜ್’. 3. ‘ಎ ಕ್ಯಾಟಲ್ ಫೇರ್’. 4. ‘ಎ ಫೇರ್ ಸ್ಕೈ’. 5. ‘ಎ ಫೇರ್ಲಿ ಲಾಂಗ್ ರೋಡ್’. 6. ‘ಎ ಫೇರ್ ಗರ್ಲ್’. ಮೊದಲಿನ ಐದಕ್ಕೆ ಒಂದೊಂದೇ ಉತ್ತರವುಂಟು. ಆರನೆಯದಕ್ಕೆ ಮಕ್ಕಳು ಯಾವ ಉತ್ತರವನ್ನು ಮೊದಲು ಹೇಳುವರೆಂಬದನ್ನು ನೀವು ಗಮನಿಸಬೇಕೆಂದು ನಮ್ಮ ಪ್ರಾರ್ಥನೆ. ಆ ಉತ್ತರವನ್ನು ಅವರು ಶಾಲೆಯಲ್ಲಿ ಕಲಿತರೋ ಮನೆಯಲ್ಲಿ ಕಲಿತರೋ ಎಂದು ನಾವೂ ನೀವೂ ಕೇಳಿಕೊಳ್ಳೋಣ.

ಈಗ ಆ ಎರಡನೆಯ ಪ್ರಶ್ನೆ. ತಂದೆಯು ಹೊರಗೆ ಹೋದ ಮೇಲೆ ನಾವು ಆ ಹುಡುಗಿಗೆ, “ಪತ್ರವನ್ನು ಕೊಡಮ್ಮ, ‘ಫೇರ್’ ಎಂಬದನ್ನು ತೆಗೆದು ‘ಜಸ್ಟ್’ ಎಂದು ಬೇರೆ ಬರೆದುಕೊಡುತ್ತೇವೆ” ಎಂದೆವು. “ಬೇಡ ಅಕ್ಕೋರೇ, ಹಾಗೆಯೇ ಇರಲಿ. ತಿಳಿಯದವರು ಕೇಳಿದರೆ ನಾನೇ ಹೇಳುತ್ತೇನೆ” ಎಂದಳು. ಬಾಗಿಲವರೆಗೆ ಹೋಗಿ ನಿಂತು, ಸ್ವಲ್ಪವೂ ಕೋಪವಿಲ್ಲದೆ ಹೀಗೆಂದಳು. “ನಾನು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ನಾಟಕದಲ್ಲಿ ರಾಣಿಯ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ನಿಮ್ಮ ಮುಂದೆ ಒಪ್ಪಿಸಿದಾಗ ಚೆನ್ನಾಗಿದೆ ಎಂದಿರಿ. ಪಾತ್ರವನ್ನು ಮಾತ್ರ ಬೆಳ್ಳಗಿದ್ದ ಇನ್ನೊಬ್ಬಳಿಗೆ ಕೊಟ್ಟಿರಿ. ಆಗ ನೀವು ನೋಡಿದ್ದು ಈ ಪದದ ಯಾವ ಅರ್ಥವನ್ನು, ಅಕ್ಕೋರೇ?”

ನಮ್ಮಲ್ಲಿ ಉತ್ತರವಿರಲಿಲ್ಲ. ಆ ನಾಟಕವು ನಮಗೆ ನೆನಪಿನಲ್ಲಿತ್ತು. ಆ ಹುಡುಗಿಯನ್ನು ದಾಸಿಯರ ಸಾಲಿನಲ್ಲಿ ನಿಲ್ಲಿಸಿದ್ದೂ ನೆನಪಿನಲ್ಲಿತ್ತು. ಗಂಡಿನ ಕಡೆಯ ಹಿರಿಯರು ಆ ಪದವನ್ನು ತಪ್ಪಾಗಿ ಓದಿದರೆಂದು ಅರ್ಧ ಗಂಟೆಯಿಂದ ವಿವರಿಸುತ್ತಿದ್ದ ನಾವು, ಹತ್ತು ವರ್ಷಗಳ ಹಿಂದೆ ಅದನ್ನು ಅವರಂತೆಯೇ ಓದಿದ್ದೆವು. “ತಪ್ಪಾಯಿತಮ್ಮ” ಎಂದು ಹೇಳಿದೆವು. ಗುರುಗಳಾದವರು ಶಿಷ್ಯೆಗೆ ಈ ಮಾತನ್ನು ಹೇಳುವ ಪ್ರಸಂಗವು ಹೆಚ್ಚಾಗಿ ಬರುವದಿಲ್ಲ, ಬಂದಾಗ ಹೇಳಬೇಕು.

ಅಂದಿನಿಂದ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ನಾಟಕಕ್ಕೆ ಪಾತ್ರಗಳನ್ನು ಆರಿಸುವಾಗ ಹುಡುಗಿಯರು ಒಂದು ಪರದೆಯ ಹಿಂದೆ ನಿಂತು ತಮ್ಮ ಮಾತುಗಳನ್ನು ಒಪ್ಪಿಸುತ್ತಾರೆ. ನಾವು ಈಚೆ ಕುಳಿತು ಸ್ವರವನ್ನೂ ಭಾವವನ್ನೂ ಮಾತ್ರ ಕೇಳಿ ಗುರುತು ಹಾಕುತ್ತೇವೆ. ಪರದೆಯನ್ನು ಸರಿಸಿದಾಗ ಕೆಲವು ಸಲ ನಮಗೇ ಆಶ್ಚರ್ಯವಾಗುವದುಂಟು. ಆ ಆಶ್ಚರ್ಯವೇ ನಮ್ಮ ಹಿಂದಿನ ತಪ್ಪಿಗೆ ಅಳತೆಗೋಲು. ಗುಣಪತ್ರಗಳಲ್ಲಿ ಈಗಲೂ ‘ಫೇರ್’ ಎಂದು ಬರೆಯುತ್ತೇವೆ. ಆದರೆ ಅದರ ಮುಂದೆ ‘ಇನ್ ಆಲ್ ಹರ್ ಡೀಲಿಂಗ್ಸ್’ ಎಂದು ಸೇರಿಸುತ್ತೇವೆ. ಎಲ್ಲ ವ್ಯವಹಾರಗಳಲ್ಲಿಯೂ ನ್ಯಾಯವಂತೆ ಎಂದು ಅದರ ತಾತ್ಪರ್ಯ. ಇನ್ನು ಯಾರೂ ಅದನ್ನು ಮುಖದಲ್ಲಿ ಹುಡುಕಲಾರರೆಂದು ನಂಬಿದ್ದೇವೆ.

ಮುಗಿಸುವದಕ್ಕೆ ಮುಂಚೆ ಒಂದು ಮಾತು. ಪ್ರಯಾಣದ ದರವೆಂಬ ಅರ್ಥದ ಆ ಇನ್ನೊಂದು ‘ಫೇರ್’ ಪದದ ಮೂಲಧಾತುವಿನಿಂದಲೇ ‘ಫೇರ್‌ವೆಲ್’ ಎಂಬದು ಹುಟ್ಟಿದೆ. ಶಾಲೆ ಬಿಡುವ ದಿನ ನಿಮಗೆಲ್ಲ ಆ ಹೆಸರಿನ ಸಮಾರಂಭವನ್ನು ಮಾಡಿದೆವಷ್ಟೆ. ನಿನ್ನ ಪ್ರಯಾಣ ಸುಖವಾಗಿರಲಿ ಎಂಬದು ಅದರ ಮೂಲಾರ್ಥ. ಕನ್ನಡದಲ್ಲಿ ನಾವು ಬರಿದೆ ‘ಹೋಗು’ ಎನ್ನುವದಿಲ್ಲ, ‘ಹೋಗಿ ಬಾ’ ಎನ್ನುತ್ತೇವೆ. ಹಳೆಯ ವಿದ್ಯಾರ್ಥಿನಿಯರೇ, ನಿಮಗೂ ಹಾಗೆಯೇ ಹೇಳುತ್ತೇವೆ. ಬಂದಾಗ ನಿಮ್ಮ ಹೆಣ್ಣುಮಕ್ಕಳನ್ನೂ ಕರೆತನ್ನಿರಿ. ಅವರು ಬಿಳುಪೋ ಎಣ್ಣೆಗಪ್ಪೋ ಎಂದು ಇಲ್ಲಿ ಯಾರೂ ಕೇಳದಂತೆ ನೋಡಿಕೊಳ್ಳುವದು ನಮ್ಮ ಕೆಲಸ. ಅವರು ನ್ಯಾಯವಂತೆಯರಾಗಿ ಬೆಳೆಯುವಂತೆ ನೋಡಿಕೊಳ್ಳುವದು ನಮ್ಮಿಬ್ಬರ ಕೆಲಸ.